ಎಣ್ಣೆ ಕ್ಯಾನಿನ ತುಂಡು

ರೋಲರು ತೊಳೆಯುವ ಅಸಿಟೋನ್ ಡಬ್ಬಿಯನ್ನು ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ರೇಣುಕಾಪ್ರಸಾದನ ಕೈಯಲ್ಲಿದ್ದ ಕಬ್ಬಿಣದ ರೋಲರಿನ ಸಂದುಗಳಲ್ಲಿ, ಫೈಬರ್ ಬಟ್ಟೆ ಅಂಟಿಸುವ ಎಪಾಕ್ಸಿ ರೆಸಿನ್ ಆಗಲೇ ಕಲ್ಲಾಗಿತ್ತು. ಹಿಂದೂಪುರದ ದೋಣಿ ಕಟ್ಟುವ ಶೆಡ್ಡಿನಲ್ಲಿ ಮಗುಚಿಟ್ಟಿದ್ದ ದೋಣಿ ನಾಡಿದ್ದು ಕಲ್ಯಾಣದುರ್ಗದ ಕೆರೆಗೆ ಹೋಗಬೇಕು. ಬೆಳಿಗ್ಗೆ ಹಾಕಿದ ಪದರ ಅಂಟಂಟಾಗಿರುವಾಗಲೇ ಕೊನೆಯ ಫೈಬರ್ ಬಟ್ಟೆ ಕೂರಿಸದಿದ್ದರೆ, ದೋಣಿಯನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಶುರುಮಾಡಬೇಕು.

ಮೂಲೆಯಲ್ಲಿ, ಅವನ ಜೊತೆ ಕೆಲಸ ಮಾಡುವ ಬೀರಕ್ಕನ ಪ್ಲಾಸ್ಟಿಕ್ ತುಂಡುಗಳಿದ್ದವು. ದೋಣಿಯ ಅಂಚುಗಳಿಗೆ ರೆಸಿನ್ ಎಳೆಯಲೆಂದು ಕಡಲೆಕಾಯಿ ಎಣ್ಣೆಯ ಕ್ಯಾನು ಕೊಯ್ದು ಅವಳೇ ಮಾಡಿಕೊಂಡಂಥವು. ಅವುಗಳ ಮೇಲೂ ನಿನ್ನೆಯ ರೆಸಿನ್ ಗಟ್ಟಿಯಾಗಿ ಕೂತಿತ್ತು.

"ಇವನ್ನೂ ತೊಳೀದೆ ಬಿಟ್ಬುಟ್ಟಿದ್ದೀಯಲ್ಲಕ್ಕ. ಎಲ್ಲಾ ಹಾಳಾಗೋದ್ವು," ಎಂದು ರೇಗಿದ.

"ಬೇಕಂತ್ಲೇ ಬಿಟ್ಟೆ ಕಣಪ್ಪ. ಪ್ಲಾಸ್ಟಿಕ್ ಹಾಳೆ ಮ್ಯಾಲೆ ಸಂಡಿಗೆ ಇಟ್ಟು, ಹಸೀಲೇ ಕೀಳಾಕೋದ್ರೆ ಮೆತ್ಕಂತದೆ. ಒಣಗಿದ್ಮ್ಯಾಲೆ ಹಾಳೆ ಬಗ್ಗಿಸಿದ್ರೆ ತಾನೇ ಬಿಡ್ತದೆ," ಎಂದ ಬೀರಕ್ಕ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಟಪ್ಪೆಂದು ರೆಸಿನ್ ಇಡಿಯಾಗಿ ಎದ್ದು ಅವನ ಅಂಗೈಗೆ ಬಿತ್ತು, ಗಾಜಿನ ಬಿಲ್ಲೆಯ ಹಾಗೆ. ಅವಳ ಕೈಯಲ್ಲಿದ್ದ ತುಂಡಿನ ಮೇಲೆ ಒಂದು ಕಲೆಯೂ ಉಳಿದಿರಲಿಲ್ಲ.

ರೇಣುಕಾಪ್ರಸಾದ ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತು ವರ್ಷದಿಂದ ಅಸಿಟೋನಿನಲ್ಲಿ ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ಸುಲಿದುಹೋಗಿದ್ದವು. ಅವಳಿಗೆ ಕೆಲಸ ಕಲಿಸಿದವನೂ ಅವನೇ. ರೋಲರನ್ನು ಗುಜರಿ ಚೀಲಕ್ಕೆ ಹಾಕಿ ದೋಣಿಯ ಇನ್ನೊಂದು ಬದಿಗೆ ಹೋಗಿ ನಿಂತು, ಕೈ ಚಾಚಿದ.

"ನಂಗೂ ಒಂದು ಕೊಡಕ್ಕ, ಕೊನೇ ಬಟ್ಟೇನ ಇದ್ರಲ್ಲೇ ಕೂರ್ಸಾಣ. ಎಂಗೆ ಹಿಡೀಬೇಕು ಅಂತ ತೋರ್ಸು."