ಹಾಸಿಗೆ ಖಾಲಿಯಾದ ಮೇಲೆ

ಮಕ್ಕಳ ವಾರ್ಡಿಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಏನು ನಡೆದರೆ ಕಂಪ್ಯೂಟರ್ ಏನು ಮಾಡಬೇಕೆಂದು ಕೇಳಿ ಬರೆದುಕೊಳ್ಳಲು ಬಂದ ಇಂಜಿನಿಯರ್, ಹೆಡ್ ನರ್ಸ್ ಸೆಲಿನ್ ಎದುರು ಕುಳಿತಿದ್ದ.

"ಮಗು ಡಿಸ್ಚಾರ್ಜ್ ಆದ ಕೂಡ್ಲೇ ಬೆಡ್ ಮುಂದಿನ ಮಗುವಿಗೆ ಹೋಗ್ಬೇಕು. ಸರಿನಾ ಸಿಸ್ಟರ್?"

"ಸರಿ."

"ಮಗು ತೀರಿಕೊಂಡ್ರೆ?"

"ಆಗ ಹತ್ತು ನಿಮಿಷ ಬಿಟ್ಟು ಕೊಡ್ಲಿ."

"ಕ್ಲೀನ್ ಮಾಡೋದಕ್ಕಾ?"

"ಅದಕ್ಕಲ್ಲ. ತಾಯಿ ಬಂದು ಖಾಲಿ ಬೆಡ್ ಮೇಲೆ ಕೂತ್ಕೊಳ್ತಾಳೆ. ಕೆಲವರು ಬೆಡ್‌ಶೀಟ್ ಸರಿ ಮಾಡ್ತಾರೆ. ಅಷ್ಟರಲ್ಲಿ ಬೆಡ್ ಬೇಕು ಅಂತ ಕೆಳಗಿಂದ ಫೋನ್ ಬರುತ್ತೆ. ನಾನೇ ಹೋಗಿ ಏಳಿಸ್ಬೇಕು. ಇಪ್ಪತ್ತು ವರ್ಷದಿಂದ ಏಳಿಸ್ತಾ ಇದ್ದೀನಿ."

ಅವನು ಏನನ್ನೂ ಬರೆದುಕೊಳ್ಳಲಿಲ್ಲ. ಇದು ಕಂಪ್ಯೂಟರಿಗೆ ಹೇಳುವ ಮಾತಲ್ಲವೇನೋ ಎಂದು ಅವಳಿಗೆ ಅಳುಕಾಯಿತು. ಮೇಲಿನವರೂ ಒಪ್ಪಲಾರರು.

"ಹತ್ತು ಜಾಸ್ತಿ ಆದ್ರೆ ಐದು ಅಂತ ಹಾಕಿ ಸಾರ್," ಎಂದಳು ಮೆಲ್ಲಗೆ.

ಅವನು ಮೂವತ್ತು ಎಂದು ಬರೆದು, ಲ್ಯಾಪ್‌ಟಾಪಿನ ಪರದೆಯನ್ನು ಅವಳತ್ತ ತಿರುಗಿಸಿದ.

"ಹೋದ ವರ್ಷ ಏಳನೇ ಬೆಡ್ಡಿಂದ ನೀವು ಏಳಿಸಿದ್ದು ನನ್ನ ಹೆಂಡ್ತೀನ, ಸಿಸ್ಟರ್."