ಟ್ರಯಲ್ ನೋಡೋಣ ಬನ್ನಿ

"ಟ್ರಯಲ್ ನೋಡೋಣ ಬನ್ನಿ" ಎಂದು ಅವಳು ಕರೆದಾಗ, ಹಿಂದಿನ ದಿನ ಅವಳ ಜೀಪಿಗೆಂದು ಕುಲುಕಾಟ ತಾಳುವ ಸ್ಪ್ರಿಂಗುಗಳ ಸಸ್ಪೆನ್ಷನ್ ಕಿಟ್ ಮಾರಿದ್ದ ಅಂಗಡಿಯವನು ಇಲ್ಲವೆನ್ನಲಾಗದೆ ಹತ್ತಿ ಕುಳಿತಿದ್ದ. ಈಗ ಜೀಪು ಗುಡ್ಡದ ಬಂಡೆಗಳ ಮೇಲೆ ಎದ್ದೆದ್ದು ಬೀಳುತ್ತಿತ್ತು.

"ಸ್ವಲ್ಪ ನಿಧಾನ, ಮೇಡಂ!"

"ಯಾಕ್ರೀ? ಇರೋದ್ರಲ್ಲಿ ಇದೇ ಗಟ್ಟಿ, ಎಂಥ ಗುಡ್ಡ ಆದ್ರೂ ಇಳಿಸಿ ಅಂತ ನೀವೇ ಆರಿಸಿಕೊಟ್ಟಿದ್ದಲ್ವಾ?"

ಎದುರಿಗೆ ಕಡಿದಾದ ಇಳಿಜಾರು. ಅದರ ಬುಡದಲ್ಲಿ ಕಲ್ಲು ತೆಗೆದು ಬಿಟ್ಟ ಆಳದ ಕ್ವಾರಿ. ಜೀಪಿನ ಅಡಿಯಲ್ಲೆಲ್ಲೋ ಕಬ್ಬಿಣ ಕಿರುಗುಟ್ಟಿತು. ಬೆವೆತ ಅವನ ಕೈ ಹಿಡಿಕೆಯಿಂದ ಜಾರಿತು. ಅವಳು ಗೇರ್ ಬದಲಿಸಿದಳು.

"ಬೇಡ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ! ಅದು ಡೂಪ್ಲಿಕೇಟ್ ಮಾಲು, ಇಲ್ಲಿ ಮುರಿದೇ ಹೋಗುತ್ತೆ!"

ಅವಳು ಜೀಪು ನಿಲ್ಲಿಸಿ, ಹಿಂದಿನ ಸೀಟಿನ ಮೇಲಿದ್ದ ಟಾರ್ಪಾಲು ಸರಿಸಿದಳು.

ನಿನ್ನೆ ಅವನೇ ಕಟ್ಟಿಕೊಟ್ಟ ಕಿಟ್, ಡಬ್ಬದ ಟೇಪು ಕೂಡ ಕೀಳದೆ, ಅಲ್ಲೇ ಇತ್ತು.