ನೀಲವ್ವನ ಜೋಗುಳ

ಸೀಮೆಯ ಹಾಡುಗಳನ್ನು ಉಳಿಸಲೆಂದು ಮೂವರು ನಿವೃತ್ತರು ಸೇರಿ ಟ್ರಸ್ಟ್ ಕಟ್ಟಿದ್ದರು. ವಿರೂಪಾಕ್ಷಯ್ಯ ಇತಿಹಾಸದ ಮೇಷ್ಟ್ರು, ಇನಾಮದಾರ ವಕೀಲರು, ನೀಲವ್ವ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವರು. ಧ್ವನಿಮುದ್ರಣದ ದಿನ ಜೋಗುಳ ಹಾಡಬೇಕಿದ್ದ ಅಜ್ಜಿ ಬರಲಿಲ್ಲ. ನೀಲವ್ವನೇ ಮೈಕಿನ ಮುಂದೆ ಕೂತು ಹಾಡತೊಡಗಿದರು. ಎರಡು ನುಡಿ ಹಾಡಿ ನಿಲ್ಲಿಸಿಬಿಟ್ಟರು.

"ಭಾಳ ಛಂದ ಐತ್ರಿ ಅಕ್ಕಾರ. ಮುಂದಿಂದು ಹಾಡ್ರಿ," ಎಂದರು ವಿರೂಪಾಕ್ಷಯ್ಯ.

"ಆಗಂಗಿಲ್ಲ ಸರ."

"ಮರ್ತ್ರೇನು?"

"ಇಲ್ರಿ, ಎಲ್ಲಾ ನೆನಪೈತಿ."

"ಮತ್ತ? ನಿಮ್ಮ ಮಕ್ಕಳಿಗೆ ಹಾಡಿರ್ತೀರಲ್ಲ, ಹಂಗ ಹಾಡಿಬಿಡ್ರಿ."

ನೀಲವ್ವ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನನಗ ಒಂದ ಕೂಸು ಹುಟ್ಟಿತ್ರಿ, ಉಸಿರು ಇರಲಿಲ್ಲ. ತೊಡಿ ಮ್ಯಾಲೆ ಹಾಕ್ಕೊಂಡು ಇಷ್ಟು ಹಾಡೂದ್ರೊಳಗ ಮಣ್ಣಿಗೆ ಒಯ್ದ್ರು."